ದುಂಡಗೆ ಕೂರಿಸುವ ಅಟ್ರಾಕ್ಟಾ

ತನ್ನ ಶಿಬಿರಕ್ಕೆ ಬಂದೂ ಬದಲಾಗದ ಸಿಸ್ಟರ್ ಐರ್ಲೆಂಡಿನಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು, ಸನ್ಯಾಸಿನಿಯರಿಗೆ ಧ್ಯಾನ ಶಿಬಿರ ನಡೆಸುವ ಅಟ್ರಾಕ್ಟಾ ಗೆರಟಿಯ ಘೋಷಣೆ. ಎಪ್ಪತ್ತು ದಾಟಿದರೂ ಕಾನ್ವೆಂಟಿನಿಂದ ಕಾನ್ವೆಂಟಿಗೆ ಓಡುವ ಅವಳ ಕಾರಿನಲ್ಲಿ ಮೇಣದಬತ್ತಿ, ದಿಂಬು, ಬಣ್ಣದ ಶಾಲು ಎಷ್ಟು ತುಂಬಿರುತ್ತವೆಂದರೆ, ಅವಳು ಅರ್ಧ ಕಿಟಕಿಯ ಹೊರಗೇ ಕೂತು ಓಡಿಸುತ್ತಾಳೆ. “ಉಸಿರು ಬಿಡಿ ಸಿಸ್ಟರ್, ಹಳೇದೆಲ್ಲಾ ಅದ್ರ ಜೊತೆ ಹೋಗ್ಲಿ” ಎಂದರೆ, ಅವರೆಲ್ಲ ಬಿಟ್ಟ ಉಸಿರಿಗೆ ಗಾಲ್ವೇ ಕೊಲ್ಲಿಯ ದೋಣಿಗಳು ದಿಕ್ಕು ತಪ್ಪುತ್ತವೆ. ನಮ್ಮ ಕಾನ್ವೆಂಟಿನಲ್ಲಿ ಮಾತ್ರ ಅವಳ ಆಟ ನಡೆಯಲಿಲ್ಲ. ಇಲ್ಲಿ ಎಲ್ಲಿ ಕೂತರೂ ಕಾನ್ವೆಂಟಿಗೆ ಮೊದಲು ಸೇರಿದವರು ಮೊದಲು. ಹಿರಿಯರು ಕಿರಿಯರೆಂಬ ಭೇದ ಬೇಡವೆಂದು ಅವಳು ಕುರ್ಚಿಗಳನ್ನು ದುಂಡಗೆ ಇಟ್ಟಳು. ಸಿಸ್ಟರ್‌ಗಳು ದುಂಡಗೆ, ಸೇರಿದ ಕ್ರಮದಲ್ಲೇ ಕೂತರು. ಎಬ್ಬಿಸಿ ಹಾಡಿಸಿ ಕಲೆಸಿದಳು. ಹಾಡು ಮುಗಿದಾಗ ಮತ್ತೆ ಅದೇ ಕ್ರಮ. ಜೊತೆಗೆ ಅವರೇ ತಂದಿಟ್ಟ ಕುರ್ಚಿಯೊಂದು ಕೊನೆಯಲ್ಲಿ ಖಾಲಿ. “ಇದ್ಯಾರಿಗೆ?” ಎಂದಳು ಸೋತು. “ನಿಂಗೇ ಕಣೇ,” ಎಂದರು ತೊಂಬತ್ತರ ಸಿಸ್ಟರ್ ಕೋಲಂಬಾ. “ಹುಡುಗಿಯಾಗಿದ್ದಾಗ ಇಲ್ಲೇ ಸೇರಿ, ಕಿಟಕಿ ಹಾರಿ ಓಡಿಹೋದ್ಯಲ್ಲಾ. ನೀನಾದ್ಮೇಲೆ ಯಾರೂ ಸೇರ್ಲೇ ಇಲ್ಲ. ಕೊನೇ ಜಾಗ ಇನ್ನೂ ನಿಂದೇ, ಬಾ.” ಅಟ್ರಾಕ್ಟಾ ಹೋಗಿ ಕೂತಳು, ಶಾಲಿನಿಂದ ಕಣ್ಣೊರೆಸಿಕೊಂಡಳು, ಆಮೇಲೆ ಕತ್ತೆತ್ತಿದಳು: “ಕೂತೆ ಸಿಸ್ಟರ್. ಆದ್ರೆ ಕೊನೇ ಜಾಗದವಳೇ ಎಲ್ಲರ ಪಾತ್ರೆ ತೊಳೀಬೇಕು ಅನ್ನೋ ಇಲ್ಲಿನ ನಿಯಮಾನ ಇವತ್ತೇ ಬದಲಾಯಿಸಿ. ನಾನು ಕಿಟಕಿ ಹಾರಿದ್ದೇ ಅದಕ್ಕೆ!”