ಮೆಂಬರ್ ಕೂಗಿದ ‘ಬಲ’

ಮಾನ್ಯ ಸಂಪಾದಕರೇ,

ಮೊದಲಿಗೆ ನನ್ನ ಕೈಬರಹಕ್ಕೂ ಕಾಗುಣಿತಕ್ಕೂ ಕ್ಷಮೆ ಕೋರುತ್ತೇನೆ. ಕಾರ್ಕಳದ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿರುವ ನನಗೆ ಸರಕಾರಿ ಪತ್ರಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲ. ಅಲ್ಲಿ ಎಲ್ಲವೂ ಟೈಪ್ ಆಗುವುದರಿಂದ ಇದ್ದ ಅಕ್ಷರವೂ ಕೆಟ್ಟಿದೆ. ಆದರೂ ನಮ್ಮ ಮೆಂಬರ್ ಅವರ ನೆನಪಿಗಾಗಿ ಊರಿನ ಕ್ರೀಡಾ ಬಳಗವು ಹೊರತರಲಿರುವ ಸಂಚಿಕೆಗೆ ನಾನು ಬರೆಯಲೇಬೇಕೆಂದು ತಾವು ಸೂಚಿಸಿದ್ದರಿಂದ, ಈ ಕೆಳಕಂಡ ಸಂಗತಿಗಳನ್ನು ತಮ್ಮ ಅವಗಾಹನೆಗೆ ಸಲ್ಲಿಸುತ್ತಿದ್ದೇನೆ.

ಅವರ ಕೊರಳಲ್ಲಿ ಸೀಟಿಯು ಬಾಳೆಯ ನಾರಿನಲ್ಲಿ ತೂಗುತ್ತಿತ್ತು. ಇನ್ನಂಜೆಯ ಅವರ ಮನೆಯ ಸುತ್ತಲೂ ಮಲ್ಲಿಗೆ ಗಿಡಗಳಿದ್ದವು. ಮುಂಜಾನೆ ಮೊಗ್ಗು ಕೊಯ್ದು, ಮಡದಿಯ ಜೊತೆ ಜಗಲಿಯಲ್ಲಿ ಕುಳಿತು ಹೂ ಕಟ್ಟಿ ಮುಗಿಸಿ, ಉಳಿದ ನಾರಿಗೆ ಸೀಟಿ ಪೋಣಿಸಿಕೊಂಡು ಅವರು ಮಕ್ಕಳಿಗೆ ಓಟ ಕಲಿಸಲು ಶಾಲೆಯ ಮೈದಾನಕ್ಕೆ ಬರುತ್ತಿದ್ದರು. ನಾರು ವಾರಕ್ಕೊಮ್ಮೆ ತುಂಡಾಗುತ್ತಿತ್ತು. ದಾರ ಕೊಂಡುಕೊಳ್ಳಬಾರದೇ ಎಂದು ಯಾರಾದರೂ ಕೇಳಿದರೆ, “ದಾರ ಕುತ್ತಿಗೆಗೆ ಚುಚ್ಚುತ್ತದೆ ಮಾರಾಯ” ಎನ್ನುತ್ತಿದ್ದರು.

ಅವರು ಪಂಚಾಯತ್ ಸದಸ್ಯರಾಗಿದ್ದುದು ಒಂದೇ ಅವಧಿಗೆ. ಮುಂದಿನ ಚುನಾವಣೆಯಲ್ಲಿ ಸೋತರು. ಆದರೂ ಊರಿಗೆ ಅವರು ಮೆಂಬರ್ ಆಗಿಯೇ ಉಳಿದರು. “ಸೋತದ್ದು ಒಳ್ಳೆಯದಾಯ್ತು, ಈಗ ಮೀಟಿಂಗ್ ಇಲ್ಲ ಅಲ್ವಾ, ಕೆಲಸಕ್ಕೆ ಸಮಯ ಉಂಟು” ಎಂದು ನಗುತ್ತಿದ್ದರು. ವಿಧವೆಯರ ಪಿಂಚಣಿ, ಕೆಟ್ಟ ದಾರಿದೀಪ, ಮಣ್ಣು ತುಂಬಿ ನೀರು ಹರಿಯದ ತೋಡು, ಹೀಗೆ ಯಾರದೋ ಅರ್ಜಿ ಹಿಡಿದು ಸ್ಕೂಟರಿನಲ್ಲಿ ಕಾಪುವಿಗೋ ಉಡುಪಿಗೋ ಹೋಗುವರು. ಎಲ್ಲಿಗೆ ಹೋದರೂ ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಮನೆಯಲ್ಲಿರುವರು. ಮಡದಿ ಮಕ್ಕಳನ್ನು ಕಾಯಿಸುವುದು ಅವರಿಗೆ ಸಹಿಸಲಾಗದ ವಿಷಯವಾಗಿತ್ತು.

ನಮ್ಮದು ಕೊಪ್ಪಳದ ಕಡೆಯ ಕುಟುಂಬ. ತಂದೆ ತಾಯಿ ಕಟ್ಟಡದ ಕೆಲಸಕ್ಕೆಂದು ಈ ಕಡೆ ಬಂದವರು. ಇನ್ನಂಜೆಯದು ನನಗೆ ನಾಲ್ಕನೆಯ ಶಾಲೆ, ಎಂಟನೆಯ ತರಗತಿ. ಅಲ್ಲಿಯ ಕೆಲಸ ಮುಗಿಯುತ್ತ ಬಂದಿತ್ತು. ಮುಂದೆ ಹೆಬ್ರಿಗೆ ಹೋಗುವುದೆಂದೂ, ನಾನು ಶಾಲೆ ಬಿಟ್ಟು ತಮ್ಮನನ್ನು ನೋಡಿಕೊಳ್ಳಬೇಕೆಂದೂ ತಂದೆ ತೀರ್ಮಾನಿಸಿದ್ದರು. ನನಗಿದ್ದುದು ಒಂದೇ ದಾರಿ. ಜಿಲ್ಲಾ ಮಟ್ಟದ ರಿಲೇಯಲ್ಲಿ ನಮ್ಮ ತಂಡ ಗೆದ್ದರೆ ಕ್ರೀಡಾ ವಸತಿ ನಿಲಯದಲ್ಲಿ ಸೀಟು ದೊರೆಯುತ್ತಿತ್ತು. ಮೂರನೆಯವಳಾಗಿ ಮೆಂಬರ್ ಅವರ ಕಿರಿಯ ಮಗಳು, ಕೊನೆಯವಳಾಗಿ ನಾನು ಓಡಬೇಕಿತ್ತು.

ಮೈದಾನದಲ್ಲಿ ಎಲ್ಲರದೂ ತುಳು. ನನ್ನೊಡನೆ ಮಾತ್ರ ಅವರು ಕನ್ನಡದಲ್ಲಿ ಮಾತನಾಡುತ್ತಿದ್ದರು. “ನೀನು ಆಚೆ ಈಚೆ ನೋಡ್ಬೇಡ. ನಾನು ಗೆರೆಯ ಆಚೆ ನಿಂತಿರ್ತೇನೆ. ನಾನು ಹೇಳಿದ ಹಾಗೆ ಮಾಡು, ಅಷ್ಟೇ.”

ಕಾರ್ಕಳದಲ್ಲಿ ಕ್ರೀಡಾಕೂಟ ನಡೆಯಿತು. ಕೋಲು ನನ್ನ ಕೈಗೆ ಬಂದಾಗ ನಾವೇ ಮುಂದಿದ್ದೆವು. ಗೆರೆಯ ಆಚೆ ಮೆಂಬರ್ ಎರಡೂ ಕೈ ಚಾಚಿ “ಬಲ! ಬಲ! ಬಲ!” ಎಂದು ಕೂಗುತ್ತಿದ್ದರು. ಹೇಳಿದ ಹಾಗೆ ಮಾಡಿದೆ. ಬಲಕ್ಕೆ ಸರಿದೆ. ಪಕ್ಕದ ಪಟ್ಟಿಯಲ್ಲಿ ಓಡುತ್ತಿದ್ದ ಹುಡುಗಿಗೆ ಅಡ್ಡಬಂದು, ಎಲ್ಲರಿಗಿಂತ ಮೊದಲು ಗೆರೆ ದಾಟಿದೆ. ನಮ್ಮ ತಂಡವನ್ನು ಅನರ್ಹಗೊಳಿಸಲಾಯಿತು.

“ಎಂತ ಮಾಡಿದೆ ಮಾರಾಯ್ತಿ, ಯಾಕೆ ಆಚೆ ಹೋದದ್ದು?” ಎಂದು ಅವರು ಓಡಿ ಬಂದರು.

“ನೀವ ಅಂದ್ರಲ್ರೀ ಬಲ, ಬಲ ಅಂತ. ಅದಕ್ಕ ಬಲಕ್ಕ ಹೋದ್ನಿ” ಎಂದೆ.

ಅವರು ಇದ್ದಲ್ಲಿಯೇ ಮಣ್ಣಿನ ಮೇಲೆ ಕುಳಿತುಬಿಟ್ಟರು. ತುಳುವಿನಲ್ಲಿ ‘ಬಲ’ ಎಂದರೆ ‘ಬಾ’ ಎಂದರ್ಥವೆಂಬುದು ನನಗೆ ತಿಳಿದದ್ದು ಆಗಲೇ. ಕಿರಿಯ ಮಗಳು ಅಳುತ್ತಲೇ ಮನೆಮಾತಾದ ಕೊಂಕಣಿಯಲ್ಲಿ ತಂದೆಯನ್ನು ಬೈದಳು. ಅವರು ಎದ್ದು ತೀರ್ಪುಗಾರರ ಬಳಿಗೆ ಹೋದರು.

“ತಪ್ಪು ಹುಡುಗಿಯದ್ದಲ್ಲ ಸರ್, ನನ್ನ ಬಾಯಿಯದ್ದು.”

“ಓಡಿದ್ದು ನಿಮ್ಮ ಬಾಯಿಯಾ ಮಾರಾಯ್ರೆ, ಅವಳ ಕಾಲಲ್ವಾ?” ಎಂದರು ತೀರ್ಪುಗಾರರು. ಸುತ್ತಲಿದ್ದವರು ನಕ್ಕರು. ತೀರ್ಪು ಬದಲಾಗಲಿಲ್ಲ.

ಮರುದಿನ ಸಂಜೆ ನಾವು ಹೆಬ್ರಿಗೆ ಹೊರಡಲು ಪಾತ್ರೆ ಕಟ್ಟುತ್ತಿದ್ದಾಗ ಮೆಂಬರ್ ಮತ್ತು ಅವರ ಮಡದಿ ನಮ್ಮ ಶೆಡ್ಡಿಗೆ ಬಂದರು. ಅವರ ಮಡದಿಯನ್ನು, ಕ್ರೈಸ್ತ ಹೆಂಗಸರನ್ನು ಕರೆಯುವ ಇಲ್ಲಿಯ ರೂಢಿಯಂತೆ, ಊರಿನವರೆಲ್ಲ ಬಾಯಮ್ಮ ಎನ್ನುತ್ತಿದ್ದರು.

“ಹತ್ತನೇ ಮುಗಿಯುವ ತನಕ ಇವಳು ನಮ್ಮಲ್ಲಿರಲಿ” ಎಂದರು ಮೆಂಬರ್.

“ಬ್ಯಾಡ್ರೀ ಸಾಹೇಬ್ರ, ಆಕಿ ನಸೀಬದಾಗ ಇಲ್ಲ. ಸುಮ್ನ ನಿಮಗ ಯಾಕ ತ್ರಾಸು” ಎಂದರು ತಂದೆ.

“ನಸೀಬ ಎಂತದ್ದು? ಕೂಗಿದ್ದು ನಾನು.”

ತಂದೆ ಪಾತ್ರೆಯ ಗಂಟನ್ನು ಮತ್ತೊಮ್ಮೆ ಬಿಗಿದು, “ಈಕಿ ಮೀನಾ ತಿನ್ನಂಗಿಲ್ರೀ. ರೊಟ್ಟಿ ಇಲ್ಲಂದ್ರ ಹೊಟ್ಟಿ ತುಂಬಂಗಿಲ್ಲ” ಎಂದರು.

ಆಗ ಬಾಯಮ್ಮ ಬಾಯಿ ತೆರೆದರು. “ನನಗೆ ಜೋಳದ ರೊಟ್ಟಿ ಬರುವುದಿಲ್ಲ. ಇವಳೇ ಕಲಿಸ್ಲಿ. ಸರಿಯಾಗದಿದ್ರೆ ಇವರು ತಿನ್ಲಿ, ಕೂಗಿದ್ದು ಇವರೇ ಅಲ್ವಾ?” ನನ್ನ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಅಷ್ಟರಲ್ಲಿ ಬಾಯಮ್ಮ ನನ್ನ ಚೀಲವನ್ನು ಎತ್ತಿಕೊಂಡಾಗಿತ್ತು.

ಆ ಮನೆಯಲ್ಲಿ ನಾನಿದ್ದುದು ಎರಡು ವರ್ಷಗಳಿಗೂ ಹೆಚ್ಚು. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಹೆಣ್ಣುಮಕ್ಕಳಿಬ್ಬರೂ ತಂದೆಯ ಮುಂದೆ ಕೈಮುಗಿದು ಆಶೀರ್ವಾದ ಕೇಳುವುದು ಅವರ ಪದ್ಧತಿ. ಮೊದಲ ಕೆಲವು ದಿನ ನಾನು ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದೆ. ಒಳಗೆ ಬಾ ಎಂದಾಗಲಿ, ಹೊರಗಿರು ಎಂದಾಗಲಿ ಯಾರೂ ಹೇಳಲಿಲ್ಲ. ಒಂದು ದಿನ ನಾನಾಗಿಯೇ ಹೋಗಿ ಕೊನೆಯಲ್ಲಿ ನಿಂತೆ. ಅವರು ನನ್ನ ತಲೆಯ ಮೇಲೂ ಕೈಯಿಟ್ಟು, “ನಿನ್ನ ದೇವರ ಹೆಸರು ನೀನೇ ಹೇಳಿಕೋ” ಎಂದರು. ಆ ಬೆರಳುಗಳಲ್ಲಿ ಮಲ್ಲಿಗೆಯ ವಾಸನೆಯಿತ್ತು. ಕಾರ್ಕಳದ ಬಸ್ಸಿನಲ್ಲಿ ಯಾರಾದರೂ ಹೂ ಮುಡಿದು ಪಕ್ಕದಲ್ಲಿ ಕುಳಿತರೆ ನಾನು ಇಂದಿಗೂ ಇಳಿಯಬೇಕಾದ ನಿಲ್ದಾಣವನ್ನು ಮರೆಯುತ್ತೇನೆ.

ಅವರ ಅರ್ಜಿಗಳನ್ನು ಶುದ್ಧ ಪ್ರತಿ ಮಾಡುವ ಕೆಲಸ ನನ್ನದಾಯಿತು. ಒಮ್ಮೆ ಒಬ್ಬ ಅಜ್ಜಿಯ ಪಿಂಚಣಿಯ ಅರ್ಜಿಯಲ್ಲಿ ಆಕೆಯ ಕಷ್ಟವನ್ನೆಲ್ಲ ಒಂದು ಪುಟ ಬರೆದಿದ್ದೆ. ಅವರು ಓದಿ, ಗೆರೆ ಎಳೆದು, “ಅರ್ಜಿಯಲ್ಲಿ ಅಳಬಾರದು ಮಗಾ. ಹೆಸರು, ವಿಳಾಸ, ಎಂತ ಬೇಕು, ಅಷ್ಟು ಸರಿ ಬರಿ. ಅಳುವುದಕ್ಕೆ ಅಜ್ಜಿಗೆ ಮನೆ ಉಂಟು” ಎಂದರು. ಈ ಬರಹದಲ್ಲಿಯೂ ಆ ಮಾತನ್ನು ಪಾಲಿಸಲು ಯತ್ನಿಸುತ್ತಿದ್ದೇನೆ. ಪೂರ್ಣವಾಗಿ ಸಾಧ್ಯವಾಗುತ್ತಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ಪ್ರತಿ ಭಾನುವಾರ ಇಗರ್ಜಿಯಿಂದ ಬಂದೊಡನೆ ಅವರು ಫೋನ್ ಮಾಡುತ್ತಿದ್ದರು. “ತಿಂಡಿ ಆಯ್ತಾ? ಮಧ್ಯಾಹ್ನಕ್ಕೆ ಎಂತ ಪದಾರ್ಥ?” ಅದಕ್ಕಿಂತ ಹೆಚ್ಚಿನ ಮಾತಿರುತ್ತಿರಲಿಲ್ಲ. ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ನರ್ಸ್ ಕೈಯಿಂದ ಫೋನ್ ಮಾಡಿಸಿ ಅದನ್ನೇ ಕೇಳಿದರು. ಸಾರು ಮಾತ್ರ ಎಂದೆ. “ಸಾರು ಮಾತ್ರ ಸಾಲದು” ಎಂದರು. ಆಮೇಲಿನ ಭಾನುವಾರ ಅವರಿರಲಿಲ್ಲ. ಈಗಲೂ ಆ ಹೊತ್ತಿಗೆ ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲೆ, ಕೈಗೆ ಸಿಗುವಲ್ಲಿ ಇಟ್ಟುಕೊಳ್ಳುತ್ತೇನೆ.

ಅವರ ಅಂತ್ಯಕ್ರಿಯೆಯ ದಿನ ಪತ್ರಿಕೆಯಲ್ಲಿ ನಿಧನವಾರ್ತೆ ಬಂದಿತ್ತು. “ಮೃತರು ಪತ್ನಿ ಹಾಗೂ ಮೂವರು ಪುತ್ರಿಯರನ್ನು ಅಗಲಿದ್ದಾರೆ” ಎಂದಿತ್ತು. ನೆರೆಮನೆಯವರೊಬ್ಬರು ಪತ್ರಿಕೆ ಹಿಡಿದು ಬಂದು, “ಬಾಯಮ್ಮ, ಇದರಲ್ಲಿ ತಪ್ಪು ಬಿದ್ದಿದೆ. ನಿಮಗೆ ಇಬ್ಬರಲ್ವಾ?” ಎಂದರು. ನಾನು ಬಾಗಿಲ ಬಳಿ ನಿಂತಿದ್ದೆ.

ಬಾಯಮ್ಮ ಕಣ್ಣೊರೆಸಿಕೊಳ್ಳುತ್ತ, “ಬರೆದು ಕೊಟ್ಟದ್ದು ನಾನೇ. ತಪ್ಪು ಎಂತ ಉಂಟು ಅದರಲ್ಲಿ?” ಎಂದರು.

ಈ ಬರಹದಲ್ಲಿ ಕಂಡುಬರುವ ದೋಷಗಳನ್ನು ತಾವು ದಯವಿಟ್ಟು ತಿದ್ದಿ ಪ್ರಕಟಿಸಬೇಕೆಂದು ಕೋರುತ್ತೇನೆ. ‘ಮೂವರು’ ಎಂಬುದನ್ನು ಮಾತ್ರ ಇದ್ದಂತೆಯೇ ಉಳಿಸಿಕೊಳ್ಳಬೇಕಾಗಿ ವಿನಂತಿ.