ನೀಲಿ ಹಿಡಿಯದ ತಲೆಗಳು

ಹಾಸನದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದ್ದ ನಮ್ಮ ಲ್ಯಾಬಿಗೆ ಗಂಡಸರು ಬರುತ್ತಿರಲಿಲ್ಲ, ಅವರ ಬಾಟಲಿ ಬರುತ್ತಿತ್ತು. ತೊಂಬತ್ತರ ದಶಕದ ಕೊನೆಯ ಮಾತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿಂದಾದರೂ ಸರಿ, ವೀರ್ಯದ ಪುಟ್ಟ ಬಾಟಲಿ ತರುತ್ತಿದ್ದವಳು ಹೆಂಡತಿ. ತಣ್ಣಗಾಗಬಾರದೆಂದು ನಾನೇ ಹೇಳಿಕೊಟ್ಟಿದ್ದೆ; ರವಿಕೆಯೊಳಗಿಟ್ಟುಕೊಂಡು ಬೆಳಗಿನ ಬಸ್ಸಿಗೇ ಬಂದುಬಿಡುತ್ತಿದ್ದರು. ಮಕ್ಕಳಾಗದ ತಪ್ಪು ಹೊತ್ತವರೂ ಅವರೇ, ಬಾಟಲಿ ಹೊತ್ತವರೂ ಅವರೇ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಈಗ ಆ ಬೆಳಗುಗಳು ನೆನಪಾದರೆ ಮನಸ್ಸಿಗೆ ಏನೋ ಹಿತ. ಆಸಿಡ್ಡಿನ ಹುಳಿ ವಾಸನೆ, ಪಕ್ಕದ ಹೋಟೆಲಿನ ಕಾಫಿ, ಎಷ್ಟು ತೊಳೆದರೂ ಹೋಗದ ಬೆರಳಿನ ನೀಲಿ. ಶಾಲೆಯಲ್ಲಿ ಇಂಕು ಚೆಲ್ಲಿಕೊಂಡು ಬಂದೆಯಾ ಎಂದು ಮನೆಯಲ್ಲಿ ರೇಗಿಸುತ್ತಿದ್ದರು.

ಹೊಳೆನರಸೀಪುರದ ಕಡೆಯ ಒಬ್ಬ ಸೊಸೆಯ ಜೊತೆ ಅತ್ತೆಯೂ ಬಂದಿದ್ದರು, ಕಾವಲಿಗೆ ಬಂದಂತೆ. ಮಗ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಾನೆ, ದಿನವಿಡೀ ಕೊಪ್ಪರಿಗೆಯ ಒಲೆ ಬಿಟ್ಟು ಏಳುವಂತಿಲ್ಲ ಎಂದರು. ಮೊದಲ ಪರೀಕ್ಷೆಯಲ್ಲಿ ಅವನ ವೀರ್ಯಾಣುಗಳ ಸಂಖ್ಯೆ, ಓಟ ಎರಡೂ ಚೆನ್ನಾಗಿದ್ದವು. ಅತ್ತೆಗೆ ಅಷ್ಟು ಸಾಕಾಗಿತ್ತು. ನುಗ್ಗೇಹಳ್ಳಿಯಲ್ಲಿ ಮಗನಿಗೆ ಇನ್ನೊಂದು ಹೆಣ್ಣು ನೋಡಿಟ್ಟಿದ್ದರು. ಸೊಸೆ ಇದನ್ನು ನನಗೆ ಹೇಳಿದ್ದು, ಅತ್ತೆ ಎಲೆ ಅಡಿಕೆ ಉಗಿಯಲು ಹೊರಗೆ ಹೋದಾಗ. ಮೇಲಿನ ಮಹಡಿಯ ಡಾಕ್ಟರು ಮಾತ್ರ, ಬಣ್ಣ ಹಾಕಿ ಒಮ್ಮೆ ನೋಡೋಣ ಅಂದಿದ್ದರು.

ಬಣ್ಣ ಅಂದರೆ ಅನಿಲಿನ್ ಬ್ಲೂ. ವೀರ್ಯವನ್ನು ಗಾಜಿನ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಬಣ್ಣದಲ್ಲಿ ಅದ್ದುವುದು. ವೀರ್ಯಾಣುವಿನ ತಲೆಯೊಳಗೆ ಕ್ರೊಮ್ಯಾಟಿನ್ ಎಂಬ ವಂಶದ ಎಳೆ ಬಿಗಿಯಾಗಿ ಸುತ್ತಿಕೊಂಡಿದ್ದರೆ ಬಣ್ಣ ಹಿಡಿಯುವುದಿಲ್ಲ; ಸಡಿಲವಿದ್ದರೆ ತಲೆ ನೀಲಿಯಾಗುತ್ತದೆ, ಅಂಥದ್ದರಿಂದ ಗರ್ಭ ನಿಲ್ಲುವುದು ಕಷ್ಟ. ಅಂದು ಕಂಡದ್ದು ಬಹುಪಾಲು ನೀಲಿ.

ಅತ್ತೆ ತಾವೂ ನೋಡಬೇಕೆಂದು ಹಟ ಹಿಡಿದರು. ಒಂದು ಕಣ್ಣು ಮುಚ್ಚಿ ಮೈಕ್ರೋಸ್ಕೋಪಿಗೆ ಬಗ್ಗಿದವರು ಮುಖ ಅರಳಿಸಿಕೊಂಡು ಎದ್ದರು.

"ಬಣ್ಣ ಎಂಗೆ ಕಚ್ಚೈತೆ ನೋಡು. ನನ್ ಮಗಂದು ಗಟ್ಟಿ ಐತೆ," ಎಂದು ಸೊಸೆಯತ್ತ ತಿರುಗಿದರು.

ಸೊಸೆ ತಲೆ ತಗ್ಗಿಸಿದಳು. ನನಗೆ ತಡೆಯಲಾಗಲಿಲ್ಲ.

"ಬಣ್ಣ ಕಚ್ಚಿರೋದೇ ತೊಂದ್ರೆ ಕಣವ್ವ. ಎಳೇ ರಾಗಿ ಕಾಳಿನಂಗೆ, ಇನ್ನೂ ಬಲ್ತಿಲ್ಲ," ಎಂದೆ.

ಅವರು ಮತ್ತೆ ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ. ವರದಿ ಹಿಡಿದು ಮೇಲೆ ಹೋದಾಗ, ಒಲೆಯ ಕಾವಿಗೂ ಹೀಗಾಗಬಹುದು, ಮೂರು ತಿಂಗಳು ಬೆಂಕಿಯಿಂದ ದೂರವಿರಲಿ, ಆಮೇಲೆ ನೋಡೋಣ ಎಂದರು ಡಾಕ್ಟರು. ಕಬ್ಬು ಕಡಿಯುವ ಕಾಲ, ಒಲೆ ಯಾರು ನೋಡಿಕೊಳ್ಳುತ್ತಾರೆ ಎಂದು ಸೊಸೆ ಮೆಲ್ಲಗೆ ಕೇಳಿದಳು. ಅತ್ತೆ ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಮುದುಕಿ ಸೀದಾ ನುಗ್ಗೇಹಳ್ಳಿ ಬಸ್ಸು ಹತ್ತುತ್ತಾಳೆ ಎಂದುಕೊಂಡು ಮನಸ್ಸಿನಲ್ಲೇ ಬೈದೆ.

ಮೂರು ತಿಂಗಳ ಮೇಲೆ ಬಾಟಲಿಯ ಬದಲು ಗಂಡನೇ ಬಂದ, ಹೆಂಡತಿಯ ಬೆನ್ನ ಹಿಂದೆ ನಾಚಿಕೊಂಡು. ಈ ಸಲದ ಗಾಜಿನಲ್ಲಿ ನೀಲಿ ತಲೆ ಅಲ್ಲೊಂದು ಇಲ್ಲೊಂದು. ಖುಷಿಗೆ ನನ್ನ ಕಣ್ಣೇ ಮಂಜಾಯಿತು. ಅತ್ತೆಗೂ ತೋರಿಸಬೇಕಿತ್ತು, ಯಾಕೆ ಬರಲಿಲ್ಲ ಎಂದೆ. ಸೊಸೆ ಹೊಸ ಬೆಲ್ಲದ ಪೊಟ್ಟಣವೊಂದನ್ನು ನನ್ನ ಕೈಗಿಟ್ಟಳು.

"ಅವತ್ತಿಂದ ನುಗ್ಗೇಹಳ್ಳಿ ಮಾತೇ ಎತ್ತಿಲ್ಲ ಕಣಕ್ಕ. ಬರಾಕೆ ಬಿಡುವಿಲ್ಲ ಅವ್ರಿಗೆ. ಒಲೆ ಮುಂದೆ ಈಗ ಅವ್ರೇ ಕುಂತವ್ರೆ."