ಅತ್ತೆಯವರ ಓಂಕಾರ, ನನ್ನ ಸಿಟ್ಟು

ಹೋದ ವರ್ಷ ಶ್ರಾವಣದ ಒಂದು ಮಂಗಳವಾರ ಬೆಳಿಗ್ಗೆ, ಬಾಲ್ಕನಿಯ ತುಳಸಿಗೆ ನೀರು ಹಾಕುವಾಗ ನನ್ನ ಅತ್ತೆಯವರಿಗೆ ಲಕ್ವಾ ಹೊಡೆಯಿತು. ಮೊದಲು ತಂಬಿಗೆ ಬಿದ್ದ ಸದ್ದು, ಹಿಂದೆಯೇ ಅವರು ಬಿದ್ದ ಸದ್ದು. ಬಲಗೈ, ಬಲಗಾಲು ಹೋದವು. ಬಾಯಿ ಒಂದು ಕಡೆ ವಾರೆಯಾಯಿತು. ಮಾತು ಪೂರಾ ನಿಂತಿತು.

ತಲೆಗೆ ಪೆಟ್ಟಾಗಲಿಲ್ಲ. ಈ ಮರಾಠಿ ಊರಿನ ಧನಕವಡಿ ಬಡಾವಣೆಯ ನಮ್ಮ ಕಟ್ಟಡದ ಲಿಫ್ಟು ವಾರದಲ್ಲಿ ಎರಡು ದಿನ ಕೆಟ್ಟಿರುತ್ತದೆ, ಅಂದು ನಡೆಯುತ್ತಿತ್ತು. ನುಂಗಲು ಬರುತ್ತಿತ್ತು. ನೆನಪು ಹಾಗೇ ಇತ್ತು, ನಮ್ಮನ್ನೆಲ್ಲ ಗುರುತಿಸುತ್ತಿದ್ದರು. ದೇವರ ಮುಂದೆ ದೀಪ ಹಚ್ಚಿ ನಾನು ಇಂಥವನ್ನು ದಿನಾ ಒಂದೊಂದಾಗಿ ಹೇಳಿಕೊಳ್ಳುತ್ತೇನೆ. ಕೊಟ್ಟದ್ದನ್ನು ಕೊಟ್ಟಿದ್ದಾನೆ ಎನ್ನಬೇಕು. ಆದರೆ ಈಗ ಬರೆಯುತ್ತಿರುವುದು ದೇವರು ಕೊಟ್ಟದ್ದರ ಬಗ್ಗೆ ಅಲ್ಲ, ಮನುಷ್ಯರು ತಡೆದದ್ದರ ಬಗ್ಗೆ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ವಾರಕ್ಕೆ ಎರಡು ಸಲ ಸ್ಪೀಚ್ ಥೆರಪಿಯ ಹುಡುಗಿ ಬರತೊಡಗಿದಳು. ಮರಾಠಿ ಹುಡುಗಿ, ಮದುವೆಯಾಗಿ ಇನ್ನೂ ವರ್ಷವಾಗಿರಲಿಲ್ಲ, ಬಲು ತಾಳ್ಮೆಯವಳು. ಕನ್ನಡಿ ಹಿಡಿದು ಅತ್ತೆಯವರಿಗೆ ಅವರ ಬಾಯನ್ನೇ ತೋರಿಸುತ್ತಿದ್ದಳು. ಆ ಅನ್ನಿ, ಊ ಅನ್ನಿ ಎಂದರೆ ಇವರಿಗೆ ಬರೀ ಗಾಳಿ ಬರುತ್ತಿತ್ತು. ಎರಡನೆಯ ಸಲ ಬಂದಾಗ ಅವಳು ನಮ್ಮ ದೇವರ ಕಟ್ಟೆಯನ್ನು ನೋಡಿ, ಇವರು ಪೂಜೆ-ಪುನಸ್ಕಾರದ ಮಂದಿ, ಇವರಿಗೆ ಇದು ರೂಢಿಯಿರುತ್ತದೆ ಎಂದುಕೊಂಡು, ಅತ್ತೆಯವರ ಎಡಗೈಯನ್ನು ಅವರ ಎದೆಯ ಮೇಲೆ ಇಡಿಸಿ, "ಆಜೀ, ಆತಾ ಓಂ ಮ್ಹಣಾ" ಎಂದಳು, ಅಜ್ಜೀ, ಈಗ ಓಂ ಅನ್ನಿ ಎಂದು. ತಾನೂ ಕಣ್ಣು ಮುಚ್ಚಿ ಉದ್ದಕ್ಕೆ ಓಂ ಎಂದಳು.

ಅತ್ತೆಯವರ ಬಾಯಿಂದ ಸ್ವರ ಹೊರಟಿತು. ಸೊಟ್ಟಗೆ, ಒಡಕು ಒಡಕಾಗಿ, ಕೊನೆಗೆ ತುಟಿ ಕೂಡದೆ ಜೊಲ್ಲು ಇಳಿಯಿತು. ಆದರೂ ಅದು ಅವರ ದನಿಯೇ. ಹದಿನೈದು ದಿನಗಳ ಮೇಲೆ ಆ ದನಿ ಕೇಳಿ ನಮ್ಮ ಯಜಮಾನರು ಹೊರಗಿನ ಕೋಣೆಯಿಂದ ಓಡಿ ಬಂದು ಬಾಗಿಲಲ್ಲಿ ನಿಂತರು. ಹುಡುಗಿ ಚಪ್ಪಾಳೆ ತಟ್ಟಿದಳು. ಬಾಯಿ ತೆರೆಯುವುದು, ದುಂಡಗೆ ಮಾಡುವುದು, ಮುಚ್ಚುವುದು, ಮೂರೂ ಒಂದೇ ಉಸಿರಿನಲ್ಲಿ ಆಗುತ್ತವೆ, ದಿನಾ ಹತ್ತು ಸಲ ಮಾಡಿಸಿ, ಮೊದಲ ಕೆಲವು ತಿಂಗಳೇ ಮುಖ್ಯ ಎಂದು ನನಗೆ ಬಿಡಿಸಿ ಹೇಳಿದಳು. ನಾನು ತಲೆ ಆಡಿಸುತ್ತ ಅತ್ತೆಯವರ ಮುಖ ನೋಡಿದೆ. ಮೊದಲು ಅಲ್ಲಿ ಸಂತೋಷ ಇತ್ತು. ಆಮೇಲೆ ಅವರಿಗೆ ತಾವು ಏನು ಅಂದೆವು ಎಂಬುದು ಗೊತ್ತಾಯಿತು. ಕಣ್ಣಲ್ಲಿ ಹೆದರಿಕೆ ಬಂತು.

ಆ ಹೆದರಿಕೆ ನನಗೆ ಹೊಸದಲ್ಲ. ಬೆಳಗಾವಿ ಕಡೆಯ ನನ್ನ ತವರಿನಲ್ಲಿ ತಂದೆ ಶಾಲೆಯ ಮಾಸ್ತರರು. ಗಂಡು ಹೆಣ್ಣು ಎನ್ನದೆ ನಮ್ಮನ್ನೆಲ್ಲ ಬೆಳಿಗ್ಗೆ ಚಾಪೆಯ ಮೇಲೆ ಸಾಲಾಗಿ ಕೂಡಿಸಿ ಓಂಕಾರ ಹೇಳಿಸುತ್ತಿದ್ದರು. ಮದುವೆಯಾಗಿ ಈ ಮನೆಗೆ ಬಂದ ಮೂರನೆಯ ದಿನ ನಾನು ಸ್ನಾನ ಮಾಡಿ ದೇವರ ಮುಂದೆ ಕೂತು ಓಂ ಎಂದೆ. ಅತ್ತೆಯವರು ಹಿಂದಿನಿಂದ ಬಂದು ನನ್ನ ಬಾಯಿಗೆ ಕೈ ಅಡ್ಡ ಇಟ್ಟರು. ಹೊಡೆಯಲಿಲ್ಲ, ಬೈಯಲೂ ಇಲ್ಲ. "ಹೆಣ್ಮಕ್ಕಳು ಅದನ್ನ ಅನಬಾರದವಾ. ಗಂಡಗ ಒಳ್ಳೇದಲ್ಲ" ಅಂದರು ಅಷ್ಟೆ. ಮದುವೆಯಾಗಿ ಮೂರು ದಿನ. ಗಂಡನಿಗೆ ಒಳ್ಳೆಯದಲ್ಲ ಎಂದ ಮೇಲೆ ನಾನು ಏನು ಹೇಳಲಿ? ಇಪ್ಪತ್ತೆರಡು ವರ್ಷ ಅದನ್ನು ಮನಸ್ಸಿನಲ್ಲೇ ಅಂದುಕೊಂಡೆ. ಕೆಲವು ದಿನ ಚಟ್ನಿಗೆ ಮಿಕ್ಸರ್ ಹಚ್ಚಿ, ಅದರ ಗದ್ದಲದೊಳಗೆ ಬಾಯಿಬಿಟ್ಟು ಹೇಳುತ್ತಿದ್ದೆ. ನಗಬೇಡಿ. ಎಷ್ಟು ಹೆಂಗಸರು ದೇವರ ಹೆಸರನ್ನು ಹೀಗೆ ಕದ್ದು ಹೇಳಿದ್ದಾರೋ ನನಗೆ ಗೊತ್ತಿಲ್ಲ.

ಆ ಭಾನುವಾರ ನಮ್ಮ ಭಾವನವರು, ಎಂದರೆ ಯಜಮಾನರ ಅಣ್ಣ, ಬಿಬವೇವಾಡಿಯಿಂದ ತಾಯಿಯನ್ನು ನೋಡಲು ಬಂದರು. ಕೆಲಸದಿಂದ ನಿವೃತ್ತರಾದ ಮೇಲೆ ಅವರು ನಮ್ಮ ಬಳಗಕ್ಕೆಲ್ಲ ಶಾಸ್ತ್ರ ಹೇಳುವ ಮನುಷ್ಯ. ಯಾವ ತಿಥಿಗೆ ಏನು ಮಾಡಬೇಕು, ಏನು ಮಾಡಬಾರದು ಎಂದು ಎಲ್ಲರೂ ಅವರಿಗೇ ಫೋನ್ ಹಚ್ಚುತ್ತಾರೆ. ಅವರು ಬಂದಾಗ ನಾನು ಅತ್ತೆಯವರ ಹಾಸಿಗೆಯ ಪಕ್ಕ ಕೂತು ಓಂ ಹೇಳಿಸುತ್ತಿದ್ದೆ.

"ಏನ ಹಚ್ಚೀರಿ ಇದು?"

"ಸ್ಪೀಚ್ ಥೆರಪಿರೀ. ದಿನಾ ಹತ್ತ ಸರ್ತೆ ಅನಸ್ರಿ ಅಂದಾಳ ಆಕಿ."

"ಆಕಿಗೆ ಗೊತ್ತಿಲ್ಲ, ಅಂದಾಳ. ನಿಮಗೂ ಗೊತ್ತಿಲ್ಲೇನು? ಹೆಣ್ಮಕ್ಕಳು ಪ್ರಣವ ಉಚ್ಚಾರ ಮಾಡಬಾರದು. ಅದರಾಗ ಅವ್ವ ಗಂಡನ್ನ ಕಳಕೊಂಡಾಕಿ. ಹೋದವರಿಗೆ ಸದ್ಗತಿ ಆಗೋದು ಬ್ಯಾಡೇನು?"

ತಾಯಿಯ ಎದುರಿಗೇ ಅಂದರು. ಮಾತು ಹೋಗಿತ್ತೇ ಹೊರತು ಅತ್ತೆಯವರ ಕಿವಿ ಹೋಗಿರಲಿಲ್ಲ.

ಇನ್ನು ಇದೇ ಭಾವನವರ ಕಥೆ ಕೇಳಿ. ದಿನಾ ಬೆಳಿಗ್ಗೆ ಅವರ ಮನೆಯ ಹತ್ತಿರದ ಗಾರ್ಡನ್ನಿನಲ್ಲಿ ಮೂವತ್ತು ನಲವತ್ತು ಮಂದಿ ಚಾಪೆ ಹಾಸಿ ಓಂಕಾರ ಧ್ಯಾನ ಮಾಡುತ್ತಾರೆ. ಭಾವನವರು ಮೊದಲನೆಯ ಸಾಲು. ಅದರಿಂದ ತಮ್ಮ ಬಿ.ಪಿ. ಇಳಿಯಿತು ಎಂದು ಕಂಡವರಿಗೆಲ್ಲ ಹೇಳುತ್ತಾರೆ. ಆ ಗುಂಪಿನಲ್ಲಿ ಅರ್ಧಕ್ಕೂ ಹೆಚ್ಚು ಹೆಂಗಸರು. ಹೇಳಿಕೊಡುವವರೂ ಒಬ್ಬ ಹೆಂಗಸು.

"ನಿಮ್ಮ ಗಾರ್ಡನ್ನಿನಾಗ ಹೆಣ್ಮಕ್ಕಳೂ ಅಂತಾರಲ್ರಿ, ನಿಮ್ಮ ಬಾಜೂಕ ಕೂತು?" ಎಂದೆ.

"ಅದು ಯೋಗಾ, ವ್ಯಾಯಾಮ. ಅದು ಬ್ಯಾರೆ, ಇದು ಬ್ಯಾರೆ."

"ಇದೂ ವ್ಯಾಯಾಮನ ಅಲ್ರಿ? ಬಾಯಿದು."

ಭಾವನವರು ತಮ್ಮನ ಕಡೆ ನೋಡಿದರು. ನಮ್ಮ ಯಜಮಾನರು ಕೆಟ್ಟವರಲ್ಲ. ಅತ್ತೆಯವರನ್ನು ಎತ್ತಿ ಕೂಡಿಸುವುದು, ಮೈ ಒರೆಸುವುದು ಎಲ್ಲ ಮಾಡುತ್ತಾರೆ. ಆದರೆ ಅಣ್ಣನ ಎದುರು ಅವರಿಗೆ ನಾಲಿಗೆಯೇ ಇಲ್ಲ. "ಏ, ಚಹಾ ಇಡು ಹೋಗು" ಎಂದರು.

ನಾನು ಹೋಗಿ ಚಹಾ ಇಟ್ಟೆ. ಭಾವನವರ ಮೇಲೆ ಸಿಟ್ಟು, ಯಜಮಾನರ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚಿನ ಸಿಟ್ಟು ಬಂದದ್ದು ಶುಂಠಿ ಜಜ್ಜುತ್ತ ನಿಂತ ನನ್ನ ಮೇಲೇ.

ಓಂ ಬದಲು ಶ್ರೀ ಅನಿಸಿರಿ, ಅದಕ್ಕೆ ದೋಷವಿಲ್ಲ ಎಂದು ಹೇಳಿ ಭಾವನವರು ಹೋದರು. ಶ್ರೀ ಅನ್ನಲು ನಾಲಿಗೆ ಎಷ್ಟು ತಿರುಗಬೇಕು, ನೀವೇ ಒಮ್ಮೆ ಅಂದು ನೋಡಿ. ನಾಲ್ಕು ಸಲ ಪ್ರಯತ್ನಿಸುವಷ್ಟರಲ್ಲಿ ಅತ್ತೆಯವರ ಸೆರಗೆಲ್ಲ ತೊಯ್ದಿತು. ಒಂದು ಸಲವೂ ಬರಲಿಲ್ಲ. ಆಗಲೇ ಅವರು ಬಾಯಿ ಮುಚ್ಚಿದ್ದು. ಅಂದಿನಿಂದ ಹುಡುಗಿ ಬಂದರೆ ಗೋಡೆಯ ಕಡೆ ಮುಖ ಮಾಡುತ್ತಿದ್ದರು. ಹುಡುಗಿ ಜಾಣತನದಿಂದ ಆ, ಉ, ಮ್ ಎಂದು ಬಿಡಿಬಿಡಿಯಾಗಿ ಹೇಳಿಸಲು ನೋಡಿದಳು. ಅತ್ತೆಯವರು ಅವಳಿಗಿಂತ ಜಾಣೆ. ಮೂರೂ ಕೂಡಿದರೆ ಏನಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಆ ಅನ್ನಲೂ ಒಪ್ಪಲಿಲ್ಲ.

ಹೀಗೆ ಹದಿನೆಂಟು ದಿನ ಹೋದವು. ಮನೆಯಲ್ಲಿ ದಿನಾ ಅಭ್ಯಾಸ ಮಾಡಿಸುತ್ತಿದ್ದೀರಾ ಎಂದು ಹುಡುಗಿ ಕೇಳಿದಾಗ, ಹೌದು ಎಂದು ನಾನು ಎರಡು ಸಲ ಸುಳ್ಳು ಹೇಳಿದೆ. ಮೂರನೆಯ ಸಲ ನಿಜ ಹೇಳಿದೆ. ಅವಳು ತನ್ನ ಕನ್ನಡಿಯನ್ನು ಚೀಲಕ್ಕೆ ಹಾಕುತ್ತ, "ಕಾಕೂ, ಹೀಗೆ ಬಿಟ್ಟರೆ ಆಜಿಯ ಬಾಯಿ ಹೀಗೇ ಉಳಿದುಬಿಡಬಹುದು. ಆಮೇಲೆ ನಾನು ಬಂದೂ ಉಪಯೋಗವಿಲ್ಲ" ಎಂದು ಮರಾಠಿಯಲ್ಲಿ ಹೇಳಿದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಮೆತ್ತಗೆ ಹೇಳಿದಳು.

ಮರುದಿನ ಮಧ್ಯಾಹ್ನ ಯಜಮಾನರು ಆಫೀಸಿಗೆ ಹೋದ ಮೇಲೆ ನಾನು ಬಾಗಿಲಿನ ಚಿಲಕ ಹಾಕಿ ಬಂದು, ಅತ್ತೆಯವರ ಎದುರಿಗೆ ಕುರ್ಚಿ ಎಳೆದು ಕೂತೆ. ಅವರ ಎಡಗೈ ಹಿಡಿದು ನನ್ನ ಎದೆಯ ಮೇಲೆ ಇಟ್ಟುಕೊಂಡು ಓಂ ಎಂದೆ. ಇಪ್ಪತ್ತೆರಡು ವರ್ಷಗಳಲ್ಲಿ ಅವರ ಮುಂದೆ ಮೊದಲ ಸಲ. ಅವರು ಕೈ ಕಿತ್ತುಕೊಂಡು ಗೋಡೆಯ ಕಡೆ ತಿರುಗಿದರು. ಮತ್ತೆ ಹಿಡಿದೆ, ಮತ್ತೆ ಕಿತ್ತುಕೊಂಡರು. ಆಗ ನನಗೆ ತಡೆಯಲು ಆಗಲಿಲ್ಲ.

"ಅತ್ತ್ಯಾರ, ಇಪ್ಪತ್ತೆರಡು ವರ್ಷ ನನ್ನ ಬಾಯಿ ಮುಚ್ಚಿಸಿದ್ರಿ, ನಾ ಸುಮ್ಮನ ಇದ್ದೆ. ಈಗ ನಿಮ್ಮ ಬಾಯೀನೂ ನೀವ ಮುಚ್ಚಿಕೊಂಡು ಕೂಡ್ತೀರೇನು? ನೀರು ಬೇಕಂದ್ರ ಯಾರನ್ನ ಕೇಳ್ತೀರಿ? ನೋವಾದ್ರ ಹೆಂಗ ಹೇಳ್ತೀರಿ? ಆ ದೇವರು ನಿಮ್ಮ ಉಸಿರು ಉಳಿಸ್ಯಾನ. ಆ ಉಸಿರಿಲೆ ಅವನ್ನ ಕರದ್ರ ಅವಗ ಸಿಟ್ಟು ಬರ್ತದೇನ್ರಿ? ಬಂದ್ರ ನನ್ನ ಮ್ಯಾಲ ಬರಲಿ. ಪಾಪ ಇದ್ರ ಅದು ನನಗ ಬಡೀಲಿ, ನೀವು ಅನ್ರಿ!"

ಕೂಗಿಯೇ ಹೇಳಿದೆ. ಹಾಸಿಗೆ ಹಿಡಿದ ಮುದುಕಿಯ ಮೇಲೆ ಕೂಗಿದೆ ಎಂದು ನೀವು ಅನ್ನಬಹುದು. ಅನ್ನಿ. ಅತ್ತೆಯವರು ಅತ್ತರು. ಅಳುವಾಗಲೂ ಅರ್ಧ ಮುಖವೇ ಅಳುತ್ತಿತ್ತು, ಇನ್ನರ್ಧ ಸುಮ್ಮನೆ ಇತ್ತು. ನಾನು ಒಳಗೆ ಹೋಗಿ ಮುಖ ತೊಳೆದುಕೊಂಡು, ಗಂಜಿ ತಂದು ತಿನ್ನಿಸಿದೆ. ತಿಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮುಂದಿನ ಎರಡು ದಿನ ನಾನು ಒತ್ತಾಯ ಮಾಡಲಿಲ್ಲ. ಮಧ್ಯಾಹ್ನ ಅವರ ಪಕ್ಕ ಕೂತು ನನ್ನ ಪಾಡಿಗೆ ಹನ್ನೊಂದು ಸಲ ಓಂ ಹೇಳಿ ಎದ್ದು ಬಂದೆ. ಮೂರನೆಯ ದಿನ ಆರನೆಯ ಓಂಕಾರ ಹೇಳುವಾಗ ನನ್ನ ದನಿಯ ಕೆಳಗೆ ಇನ್ನೊಂದು ದನಿ ಕೇಳಿಸಿತು. ನಾನು ಕಣ್ಣು ತೆರೆಯಲಿಲ್ಲ. ತೆರೆದರೆ ಎಲ್ಲಿ ನಿಲ್ಲಿಸಿಬಿಡುತ್ತಾರೋ ಎಂಬ ಅಂಜಿಕೆ. ಉಳಿದ ಐದನ್ನೂ ಹಾಗೇ ಕಣ್ಣು ಮುಚ್ಚಿಯೇ ಮುಗಿಸಿದೆ. ಕೊನೆಯದರಲ್ಲಿ ಅವರ ತುಟಿ ಕೂಡಿತು, ಮ್ ಎಂದು ಗುನುಗಿತು.

ಒಂದು ತಿಂಗಳಲ್ಲಿ 'ಅಮ್ಮಾ' ಬಂತು, 'ನೀ' ಎಂದರೆ ನೀರು ಬಂತು. 'ಬ್ಯಾ' ಎಂದು ಔಷಧಿಗೆ ಮುಖ ತಿರುವುವುದೂ ಬಂತು. ಅದನ್ನು ಕೇಳಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಯಜಮಾನರಿಗೆ ನಾನು ಏನೂ ಹೇಳಿರಲಿಲ್ಲ, ಅವರೂ ಏನೂ ಕೇಳಲಿಲ್ಲ. ಒಂದು ರಜೆಯ ದಿನ ಮಧ್ಯಾಹ್ನ ತಾವೇ ಎದ್ದು ಹೋಗಿ ಟಿ.ವಿ. ಬಂದ್ ಮಾಡಿ ಬಂದು, ಬಾಗಿಲ ಹೊರಗೆ ಕೂತು ನಮ್ಮ ಓಂಕಾರ ಕೇಳಿದರು. ಇದನ್ನೂ ನಾನು ದೇವರ ಮುಂದೆ ಹೇಳಿಕೊಂಡಿದ್ದೇನೆ.

ಭಾವನವರು ಈ ನಡುವೆ ಜೇಜುರಿಗೆ ಹೋಗಿ ಅಲ್ಲಿನ ಖಂಡೋಬಾ ದೇವರಿಗೆ ಹರಕೆ ಕಟ್ಟಿಕೊಂಡು, ಪ್ರಸಾದದ ಭಂಡಾರ, ಎಂದರೆ ಅರಿಶಿಣ, ತಂದಿದ್ದರು. ಅದನ್ನು ನಾನೇ ಅತ್ತೆಯವರ ಹಣೆಗೆ ಹಚ್ಚಿದ್ದೇನೆ, ಭಕ್ತಿಯಿಂದಲೇ. ಖಂಡೋಬಾನ ಮೇಲೆ ನನಗೆ ಸಿಟ್ಟಿಲ್ಲ. ಅವನ ಹೆಸರಿನಲ್ಲಿ ಮಾತಾಡುವವರ ಮೇಲೆ ಸಿಟ್ಟು. ದಸರೆಯ ಮರುದಿನ ಬಂದ ಭಾವನವರು ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂತು, ಧಾರವಾಡದ ಯಾವುದೋ ಬಂಧುಗಳಿಗೆ ಫೋನಿನಲ್ಲಿ, "ಹರಕಿ ಹೊತ್ತಿದ್ದೆ ನೋಡ್ರಿ, ಅವ್ವಗ ಮಾತು ಬರಲಿಕ್ಕ ಹತ್ಯಾವ. ಇವರು ಏನೇನೋ ಹಚ್ಚಿದ್ರು, ನಾನ ಬಂದು ನಿಲ್ಲಿಸಿದೆ" ಎನ್ನುತ್ತಿದ್ದರು. ನಾನು ಚಹಾದ ಕಪ್ಪು ಹಿಡಿದು ಅಲ್ಲೇ ನಿಂತಿದ್ದೆ.

ಅತ್ತೆಯವರು ಎಡಗೈ ಚಾಚಿ ಮಗನ ಮುಂಗೈ ಹಿಡಿದರು. ಅವರು ಫೋನ್ ಇಟ್ಟು, "ಏನವ್ವಾ?" ಎಂದು ಬಗ್ಗಿದರು. ಅತ್ತೆಯವರು ಉಸಿರು ತೆಗೆದುಕೊಂಡು, ಮಗನ ಮುಖವನ್ನೇ ನೋಡುತ್ತ, ಓಂ ಎಂದರು. ಪೂರಾ ಓಂ. ತುಟಿ ಕೂಡಿಸಿ, ಉಸಿರು ತೀರುವವರೆಗೆ.

"ಅವ್ವಾ, ಬ್ಯಾಡ. ನಾ ಹೇಳಿದ್ದೆ ಅಲ್ಲಾ..."

ಅತ್ತೆಯವರು ಕೈ ಬಿಡಲಿಲ್ಲ. ಎರಡನೆಯ ಸಲ ಅಂದರು. ಆಮೇಲೆ ನನ್ನ ಕಡೆ ಕಣ್ಣು ಮಾಡಿದರು. ನಾನು ಕಪ್ಪು ಕೆಳಗಿಟ್ಟು ಅವರ ಜೊತೆ ದನಿಗೂಡಿಸಿದೆ. ಇಷ್ಟು ವರ್ಷದ ರೂಢಿ, ಭಾವನವರ ಎದುರು ದನಿ ತಾನಾಗಿಯೇ ತಗ್ಗಿತು. ಅತ್ತೆಯವರು ಹುಬ್ಬು ಗಂಟಿಕ್ಕಿದರು.

"ಇನ್ನಾ" ಎಂದು ಗದ್ದ ಮೇಲೆತ್ತಿದರು. ಇನ್ನೂ ಜೋರು ಎಂದು.

ನಾನು ಆಗ ಕರಗಿ ನೀರಾದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ಇದನ್ನು ಇಷ್ಟು ವರ್ಷಗಳ ಮೇಲೆ ಹೇಳುತ್ತೀರಾ ಎಂದು ಸಿಟ್ಟೇ ಬಂತು. ಆ ಸಿಟ್ಟಿನಲ್ಲೇ ಅಂದೆ, ಎದೆ ತುಂಬ ಉಸಿರು ತೆಗೆದುಕೊಂಡು, ಪಕ್ಕದ ಮನೆಯವರು ಕಿಟಕಿ ತೆರೆಯುವಷ್ಟು ಜೋರಾಗಿ. ಭಾವನವರು ನೆಲ ನೋಡುತ್ತ ಕೂತಿದ್ದರು. ತಾಯಿ ಮುಂಗೈ ಹಿಡಿದಿದ್ದರಿಂದ ಏಳುವ ಹಾಗಿರಲಿಲ್ಲ. ಹನ್ನೊಂದು ಮುಗಿಯುವವರೆಗೆ ಕೂತರು. ಆಮೇಲೆ ಚಪ್ಪಲಿ ಮೆಟ್ಟಿ, "ಬರ್ತೀನಿ" ಎಂದಷ್ಟೇ ಹೇಳಿ ಹೋದರು.

ಅತ್ತೆಯವರಿಗೆ 'ಸ' ಇನ್ನೂ ಬಂದಿಲ್ಲ. 'ಶ್ರೀ' ಅಂತೂ ದೂರದ ಮಾತು. ಆ ಹದಿನೆಂಟು ದಿನ ಅಭ್ಯಾಸ ನಡೆಸಿದ್ದರೆ ಬರುತ್ತಿತ್ತೇನೋ ಎಂದು ಹುಡುಗಿಯನ್ನು ಕೇಳಿದೆ. ಹೇಳಲು ಬರುವುದಿಲ್ಲ ಕಾಕೂ ಎಂದಳು. ನಾನು ದೇವರಿಗೆ ದಿನಾ ಕೈ ಮುಗಿಯುತ್ತೇನೆ, ಕೊಟ್ಟದ್ದನ್ನೆಲ್ಲ ಹೇಳಿಕೊಳ್ಳುತ್ತೇನೆ. ಆ ಹದಿನೆಂಟು ದಿನಕ್ಕೆ ಮಾತ್ರ ಯಾರಿಗೂ ಮಾಫಿ ಇಲ್ಲ, ನನಗೂ ಸಹ.